ಸಣ್ಣ ಮನೆಗೆ ಹೆಚ್ಚು ಬೆಳಕು: ಸ್ಕ್ಯಾಂಡಿನೇವಿಯಾ ಮಾದರಿಯ ಗೃಹಾಲಂಕಾರ ಮತ್ತು ಕಾಟನ್‌ಪೇಟೆಯ ವ್ಯಾಪಾರ

ಸ್ವೀಡನ್ ಮೂಲದ ಐಕಿಯಾ ಸಂಸ್ಥೆಯು 2022ರ ಜೂನ್ 22ರಂದು ಬೆಂಗಳೂರಿನ ನಾಗಸಂದ್ರದಲ್ಲಿ ತನ್ನ ಮಳಿಗೆಯನ್ನು ತೆರೆಯಿತು. ಬಿಳಿ ಗೋಡೆ, ತೆಳು ಬಣ್ಣದ ಮರ, ಹತ್ತಿ ಮತ್ತು ಉಣ್ಣೆಯ ಹೊದಿಕೆ, ಮೂಲೆಯಲ್ಲೊಂದು ಮಂದ ದೀಪ, ಇವುಗಳಿಂದ ಸಜ್ಜಾದ ಚಿಕ್ಕ ಚಿಕ್ಕ ಕೋಣೆಗಳನ್ನು ಗ್ರಾಹಕರು ಅಲ್ಲಿ ಕಣ್ಣಾರೆ ನೋಡಬಹುದು. ಹಾಗೆ ನೋಡಿ ಬಂದವರು ಪೇಟೆಯ ಅಂಗಡಿಗಳಲ್ಲಿಯೂ ಅದನ್ನೇ ಕೇಳುವುದು ಸಹಜ. ಹಾಸಿಗೆ, ದಿಂಬು, ಬಟ್ಟೆ, ಮರಗೆಲಸಗಳನ್ನೇ ನಂಬಿರುವ ಕಾಟನ್‌ಪೇಟೆ ಮತ್ತು ಸುತ್ತಲಿನ ಪೇಟೆಗಳ ವರ್ತಕರಿಗೆ ಇದು ಗ್ರಾಹಕರನ್ನು ಸೆಳೆದೊಯ್ಯುವ ಸ್ಪರ್ಧೆಯೋ, ನಾವು ಪೂರೈಸಬಲ್ಲ ಹೊಸ ಬೇಡಿಕೆಯೋ ಎಂಬ ಪ್ರಶ್ನೆ ಏಳುತ್ತದೆ. ಈ ಮಾದರಿಗೆ ಬೇಕಾದ ಮುಖ್ಯ ಸರಕು ನಮ್ಮಲ್ಲಿಯೇ ಇದೆ, ಕೊರತೆ ಇರುವುದು ಅಳತೆ ಮತ್ತು ಸೇವೆಗಳಲ್ಲಿ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮಾದರಿ ಹುಟ್ಟಿದ ಬಗೆ

ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳನ್ನು ಸ್ಕ್ಯಾಂಡಿನೇವಿಯಾ ಎನ್ನುತ್ತಾರೆ. ಗೃಹಾಲಂಕಾರದ ಮಾತು ಬಂದಾಗ ಫಿನ್ಲೆಂಡನ್ನೂ ಸೇರಿಸಿ ಹೇಳುವುದು ರೂಢಿ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು ಆರು ಗಂಟೆ ಮಾತ್ರ. ಆದುದರಿಂದ ಸಿಕ್ಕಷ್ಟು ಬೆಳಕನ್ನು ಉಳಿಸಿಕೊಳ್ಳುವುದು, ಚಳಿಗಾಲದ ದೀರ್ಘ ಸಂಜೆಗಳಲ್ಲಿ ಮನೆಯನ್ನು ಬೆಚ್ಚಗಿಡುವುದು ಅಲ್ಲಿನವರಿಗೆ ಅಲಂಕಾರಕ್ಕಿಂತ ಮೊದಲಿನ ಅಗತ್ಯ. ಬಿಳಿ ಗೋಡೆಯೂ ಉಣ್ಣೆಯ ಹೊದಿಕೆಯೂ ಆ ಅಗತ್ಯದಿಂದ ಬಂದವು. ಸಮೀಪದ ಕಾಡಿನಲ್ಲಿ ಸಿಗುವ ಬರ್ಚ್ ಮತ್ತು ಪೈನ್ ಮರಗಳು ತೆಳು ಬಣ್ಣದವಾದುದರಿಂದ ಪೀಠೋಪಕರಣಗಳೂ ತೆಳು ಬಣ್ಣದವಾದವು. ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1933ರಲ್ಲಿ ಬರ್ಚ್ ಮರವನ್ನು ಬಗ್ಗಿಸಿ ರೂಪಿಸಿದ ಮೂರು ಕಾಲಿನ ಪೀಠವು ಒಂದರ ಮೇಲೊಂದು ಪೇರಿಸಿಡಬಹುದಾದದ್ದು, ಇಂದಿಗೂ ತಯಾರಾಗುತ್ತಿದೆ. ಅಂದರೆ ಈ ಮಾದರಿಯ ಮೂಲ ಸೂತ್ರ ಇಷ್ಟೇ: ಹತ್ತಿರದಲ್ಲಿ ಸಿಗುವ ವಸ್ತು, ಸರಳ ಅಳತೆ, ಅನಗತ್ಯವಾದದ್ದನ್ನು ಬಿಡುವುದು. ಈ ಸೂತ್ರವನ್ನು ಹಡಗಿನಲ್ಲಿ ತರಿಸಬೇಕಾಗಿಲ್ಲ.

ಬೆಳಕಿನ ಲೆಕ್ಕ

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ಹೊರಗೆ ಬೆಳಕಿಗೆ ಬರವಿಲ್ಲ, ಬರ ಇರುವುದು ಮನೆಯೊಳಗೆ. 1898ರ ಪ್ಲೇಗ್ ಹಾವಳಿಯ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಲ್ಲಿ ಗಾಳಿ ಬೆಳಕಿಗಾಗಿ ಅಗಲವಾದ ರಸ್ತೆ, ಬಿಡಿ ನಿವೇಶನಗಳನ್ನು ಯೋಜಿಸಲಾಯಿತು. ಅರಳೆಪೇಟೆ ಎಂಬ ಹಳೆಯ ಹೆಸರಿನ ಕಾಟನ್‌ಪೇಟೆಯ ಮನೆಗಳಾದರೋ ಗೋಡೆಗೆ ಗೋಡೆ ತಾಗಿ, ಮುಂದೆ ಕಿರಿದಾಗಿ, ಒಳಕ್ಕೆ ಉದ್ದವಾಗಿವೆ. ಬೀದಿಯ ಬೆಳಕು ನಡುಮನೆಯನ್ನು ತಲುಪುವುದಿಲ್ಲ. ನಮ್ಮ ಹಿರಿಯರು ಇದಕ್ಕೆ ಬೆಳಕಿಂಡಿ, ಗಾಜಿನ ಹೆಂಚು, ಸುಣ್ಣದ ಗೋಡೆಗಳನ್ನು ಪರಿಹಾರವಾಗಿ ಬಳಸಿದರು. ಮೇಲಂತಸ್ತುಗಳು ಎದ್ದ ಮೇಲೆ ಬೆಳಕಿಂಡಿ ಮುಚ್ಚಿಹೋಯಿತು.

ಗೋಡೆಯ ಬಣ್ಣದ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ಗ್ರಾಹಕರಿಗೆ ವಿವರಿಸಬಹುದು. ಬಿಳಿ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 80ರಷ್ಟನ್ನು ಹಿಂದಿರುಗಿಸುತ್ತದೆ. ಮಧ್ಯಮ ಗಾಢತೆಯ ಬಣ್ಣವು ಶೇ. 40ರಷ್ಟನ್ನು ಹಿಂದಿರುಗಿಸುತ್ತದೆ ಎಂದುಕೊಳ್ಳೋಣ. ಕಿಟಕಿಯಿಂದ ಬಂದ ಬೆಳಕು ಎರಡು ಗೋಡೆಗಳಿಗೆ ತಾಗಿ ಒಳಕೋಣೆ ಸೇರುವುದಾದರೆ, ಬಿಳಿ ಗೋಡೆಗಳಿಂದ ಶೇ. 64 ಉಳಿಯುತ್ತದೆ, ಇನ್ನೊಂದರಿಂದ ಶೇ. 16 ಮಾತ್ರ. ಅಂದರೆ ನಾಲ್ಕು ಪಟ್ಟು ವ್ಯತ್ಯಾಸ. ಕೆಂಪು ರೆಡ್ ಆಕ್ಸೈಡ್ ನೆಲವಿರುವ ಹಳೆಯ ಮನೆಗಳಲ್ಲಿ ನೆಲ ಒಡೆಯುವ ಅವಶ್ಯಕತೆಯಿಲ್ಲ. ತಾರಸಿಯ ಒಳಮೈ ಮತ್ತು ಗೋಡೆಗಳಿಗೆ ಬಿಳಿ ಬಳಿದು, ತೆಳು ಬಣ್ಣದ ಜಮಖಾನ ಹಾಸಿದರೆ ಸಾಕು. ಬಿಸಿಲು ನೇರವಾಗಿ ಬೀಳುವ ಕೋಣೆಗಳಲ್ಲಿ ಅಚ್ಚ ಬಿಳಿಯು ಕಣ್ಣು ಕುಕ್ಕುತ್ತದೆ. ಅಲ್ಲಿ ಕೆನೆಬಣ್ಣ ಮೇಲು.

ದೀಪಗಳ ವಿಷಯದಲ್ಲಿಯೂ ಹೀಗೆಯೇ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆ ಸುಮಾರು 11 ಚದರ ಮೀಟರ್. ಸಾಧಾರಣ ಬಳಕೆಗೆ 150 ಲಕ್ಸ್ ಬೆಳಕು ಬೇಕೆಂದರೆ 1,650 ಲ್ಯೂಮೆನ್ ಬೇಕು. ಗೋಡೆ, ಧೂಳುಗಳಲ್ಲಿ ನಷ್ಟವಾಗುವ ಪಾಲನ್ನು ಸೇರಿಸಿದರೆ ಸುಮಾರು 2,500. ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುವುದರಿಂದ ಮೂರು ಬಲ್ಬು ಸಾಕು. ಮೂರನ್ನೂ ನಡುವೆ ತೂಗುಹಾಕದೆ ಮೂರು ಕಡೆ ಹಂಚಿ, 2,700ರಿಂದ 3,000 ಕೆಲ್ವಿನ್‌ನ ಹಳದಿ ಛಾಯೆಯವನ್ನು ಆರಿಸಿದರೆ ಗ್ರಾಹಕರು ಕೇಳುವ ಆ ಬೆಚ್ಚನೆಯ ವಾತಾವರಣ ಬರುತ್ತದೆ.

ಸ್ಥಳದ ಲೆಕ್ಕ

ಐಕಿಯಾ ಬಿಡಿಭಾಗಗಳ ರೂಪದಲ್ಲಿ ಪೀಠೋಪಕರಣ ಮಾರತೊಡಗಿದ್ದು 1956ರ ಸುಮಾರಿಗೆ. ಮೇಜೊಂದು ಕಾರಿನೊಳಗೆ ಹಿಡಿಯದಿದ್ದಾಗ ಅದರ ಕಾಲುಗಳನ್ನು ಬಿಚ್ಚಿ ಸಾಗಿಸಿದ್ದರಿಂದ ಈ ವಿಚಾರ ಹೊಳೆಯಿತೆಂದು ಆ ಸಂಸ್ಥೆಯ ಇತಿಹಾಸ ಹೇಳುತ್ತದೆ. ಕಿರಿದಾದ ಮೆಟ್ಟಿಲು, ಕಿಕ್ಕಿರಿದ ರಸ್ತೆಗಳ ನಮ್ಮ ಪೇಟೆಗಳಿಗೆ ಇದಕ್ಕಿಂತ ಒಪ್ಪುವ ಪಾಠ ಇನ್ನೊಂದಿಲ್ಲ. ಅಖಂಡವಾಗಿ ಜೋಡಿಸಿದ ಮಂಚ ಎರಡನೆಯ ಮಹಡಿಯ ತಿರುವಿನಲ್ಲಿ ನಿಂತುಬಿಡುತ್ತದೆ. ಬೋಲ್ಟಿನಿಂದ ಬಿಗಿಯುವ ನಾಲ್ಕು ಭಾಗಗಳ ಮಂಚ ಒಂದು ಗೂಡ್ಸ್ ಆಟೋದಲ್ಲಿ ಬಂದು ಅರ್ಧ ಗಂಟೆಯಲ್ಲಿ ನಿಲ್ಲುತ್ತದೆ.

ಸ್ಥಳ ಉಳಿಸುವ ಜಾಣ್ಮೆ ನಮಗೆ ಹೊಸದೇನಲ್ಲ. ರಾತ್ರಿ ಹಾಸಿ ಬೆಳಿಗ್ಗೆ ಸುತ್ತಿಡುವ ಹತ್ತಿಯ ಹಾಸಿಗೆಯೇ ಒಂದು ಕೋಣೆಯನ್ನು ಎರಡು ಕೋಣೆಯಾಗಿಸುತ್ತಿತ್ತು. ಕೆಳಗೆ ಪೆಟ್ಟಿಗೆಯಿರುವ ದಿವಾನ, ಗೋಡೆಗೆ ಮಡಚುವ ಮಣೆ, ಗೋಡೆಯ ಗೂಡು, ಇವೆಲ್ಲ ಅದೇ ಸಾಲಿಗೆ ಸೇರುತ್ತವೆ.

ನಮ್ಮಲ್ಲಿರುವ ಸರಕು

ಹತ್ತಿಯ ಗುಣವನ್ನು ಮೊದಲು ನೋಡೋಣ. ಪ್ರಮಾಣಿತ ಹವೆಯಲ್ಲಿ ಹತ್ತಿಯ ನಾರು ಒಣ ತೂಕದ ಶೇ. 7ರಿಂದ 8ರಷ್ಟು ತೇವವನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಮೈಬೆವರು ಹೀರುವುದರಿಂದ ನಮ್ಮ ಹವೆಗೆ ಹತ್ತಿ ಹಿತ. ಆದರೆ ಅದರ ದೋಷಗಳನ್ನು ಮರೆಮಾಚಿ ವ್ಯಾಪಾರ ಉಳಿಯದು. ಹತ್ತಿಯ ಹಾಸಿಗೆ ಭಾರ. ಕಾಲಕ್ರಮದಲ್ಲಿ ಗಂಟುಕಟ್ಟಿ ಚಪ್ಪಟೆಯಾಗುತ್ತದೆ. ಹೀರಿದ ತೇವ ಆರಲು ಬಿಸಿಲು ಬೇಕು. ತಾರಸಿಯಿಲ್ಲದ ಅಪಾರ್ಟ್‌ಮೆಂಟಿನ ಗೃಹಿಣಿ ಫೋಮ್ ಹಾಸಿಗೆಯ ಕಡೆ ತಿರುಗುವುದು ಈ ಕಾರಣಕ್ಕೆ.

ಇಲ್ಲಿಯೇ ಪೇಟೆಯ ನಿಜವಾದ ಬಲವನ್ನು ಗುರುತಿಸಬೇಕು. ಕುಗ್ಗಿದ ಫೋಮನ್ನು ಮನೆಗಾಗಿ ಮತ್ತೆ ಉಬ್ಬಿಸುವ ಉಪಾಯವಿಲ್ಲ, ಹೊಸದನ್ನು ಕೊಳ್ಳಬೇಕು. ಹತ್ತಿಯನ್ನು ಹಿಂಜಿ ಮತ್ತೆ ತುಂಬಿದರೆ ಅದೇ ಹಾಸಿಗೆ ಹೊಸದಾಗುತ್ತದೆ. ಪಿಂಜಾರ, ನದಾಫ ಸಮುದಾಯದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ಈ ಕಸುಬು ನಿಂತುಹೋದ ದಿನ, ಹತ್ತಿಯ ಹಾಸಿಗೆಗೆ ಫೋಮಿನ ಎದುರು ಹೇಳಿಕೊಳ್ಳಲು ಇರುವ ದೊಡ್ಡ ಅನುಕೂಲವೂ ನಿಂತುಹೋಗುತ್ತದೆ. ಹಿಂಜುವವರ ಕೂಲಿಯನ್ನು ಖರ್ಚೆಂದು ಕಡಿಮೆ ಮಾಡುವ ವರ್ತಕರು ಇದನ್ನು ಮನಗಾಣಬೇಕು.

ಉಳಿದ ಸರಕುಗಳೂ ದೂರವಿಲ್ಲ. ಭೌಗೋಳಿಕ ಸೂಚ್ಯಂಕ ಪಡೆದ ನವಲಗುಂದದ ಜಮಖಾನ, ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ, ಬಿಳುಪು ಮಾಡದ ಕೋರಾ ಖಾದಿ ಬಟ್ಟೆ, ಚನ್ನಪಟ್ಟಣದ ಅರಗಿನ ಕೆಲಸದ ಗುಬಟುಗಳು ಮತ್ತು ಗೂಟಗಳು ಈ ಮಾದರಿಯ ಕೋಣೆಗೆ ಚೆನ್ನಾಗಿ ಹೊಂದುತ್ತವೆ. ತೆಳು ಬಣ್ಣದ ಮರ ಬೇಕಾದವರಿಗೆ ದಕ್ಷಿಣ ಕನ್ನಡದಲ್ಲಿ ಬೆಳೆಯುವ ರಬ್ಬರ್ ಮರವಿದೆ. ಕಡಿದ ಕೂಡಲೇ ಬೋರಾನ್ ಲವಣದ ಸಂಸ್ಕಾರ ನೀಡಿ ಒಣಗಿಸದಿದ್ದರೆ ಅದಕ್ಕೆ ಬೂಷ್ಟು ಮತ್ತು ಹುಳು ಹಿಡಿಯುತ್ತದೆ ಎಂಬುದನ್ನು ಖರೀದಿದಾರರು ಗಮನದಲ್ಲಿಡಬೇಕು.

ವರ್ತಕರು ಕೈಗೊಳ್ಳಬಹುದಾದ ಕ್ರಮಗಳು

1. ಹಾಸಿಗೆಗಳ ಅಳತೆಯನ್ನು ಅಂಗುಲ ಮತ್ತು ಸೆಂಟಿಮೀಟರ್ ಎರಡರಲ್ಲಿಯೂ ಅಚ್ಚು ಮಾಡಿ ತೂಗುಹಾಕಬೇಕು. 72 ಅಂಗುಲ ಎಂದರೆ ಸುಮಾರು 183 ಸೆಂಟಿಮೀಟರ್. ಹೊರದೇಶದ ಮಾದರಿಯ ಮಂಚ ಕೊಂಡವರ ಮಂಚದ ಒಳ ಅಳತೆ ಕೇಳಿಯೇ ಹೊಲಿಯಬೇಕು.

2. ಪ್ರತಿ ಹಾಸಿಗೆಗೆ ಹತ್ತಿಯ ತೂಕ, ಜಾತಿ, ಹೊಸ ಹತ್ತಿಯೋ ಮರುಬಳಕೆಯದೋ ಎಂಬ ವಿವರದ ಚೀಟಿ ಹೊಲಿಯಬೇಕು. ಚೀಟಿಯಿಲ್ಲದ ಸರಕಿನ ಬಗ್ಗೆ ಗ್ರಾಹಕನ ಅನುಮಾನ ಹೋಗುವುದಿಲ್ಲ.

3. ತೆಳು ಬಣ್ಣದ ಬಟ್ಟೆ ನಮ್ಮ ಧೂಳಿಗೆ ಬೇಗ ಮಾಸುತ್ತದೆ. ಬಿಚ್ಚಿ ಒಗೆಯಬಹುದಾದ ಜಿಪ್ ಇರುವ ಗವಸು ಕಡ್ಡಾಯವಾಗಲಿ. ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು ಕುಗ್ಗಿಸಬೇಕು.

4. ಬೆಳಿಗ್ಗೆ ಮನೆಯಿಂದ ಹಾಸಿಗೆ ಒಯ್ದು, ಹಿಂಜಿ, ಒಣಗಿಸಿ, ಸಂಜೆ ತಲುಪಿಸುವ ಸೇವೆಯನ್ನು ನಿಗದಿತ ದರದಲ್ಲಿ ನೀಡಬೇಕು. ನಾಲ್ಕೈದು ಅಂಗಡಿಗಳು ಸೇರಿ ಒಂದು ಯಂತ್ರ, ಒಂದು ವಾಹನ ಇಟ್ಟುಕೊಂಡರೆ ವೆಚ್ಚ ಹಂಚಿಹೋಗುತ್ತದೆ.

5. ಮಂಚ, ಮೇಜು, ಕುರ್ಚಿ ತಯಾರಕರು ಕೇಂದ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಪೀಠೋಪಕರಣ ಗುಣಮಟ್ಟ ನಿಯಂತ್ರಣ ಆದೇಶವನ್ನು ಓದಿಕೊಂಡು, ಅದರ ಜಾರಿ ಮತ್ತು ಸಣ್ಣ ಘಟಕಗಳಿಗೆ ಅನ್ವಯಿಸುವ ನಿಯಮಗಳನ್ನು ಭಾರತೀಯ ಮಾನಕ ಬ್ಯೂರೋದ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

6. ಅಂಗಡಿಯ ಹತ್ತು ಅಡಿ ಜಾಗವನ್ನು ತೆರವುಗೊಳಿಸಿ ಒಂದು ಮಾದರಿ ಕೋಣೆಯನ್ನು ಜೋಡಿಸಿಡಬೇಕು. ಸೂರಿನವರೆಗೆ ಪೇರಿಸಿದ ಹಾಸಿಗೆಗಳನ್ನು ನೋಡಿ ತನ್ನ ಮನೆಯನ್ನು ಊಹಿಸಿಕೊಳ್ಳುವುದು ಗ್ರಾಹಕನಿಗೆ ಕಷ್ಟ.

ಉಪಸಂಹಾರ

ದೊಡ್ಡ ಮಳಿಗೆಯ ಬಂಡವಾಳ, ಜಾಹೀರಾತುಗಳೊಡನೆ ಪೇಟೆಯ ಅಂಗಡಿ ಸೆಣಸಲಾರದು, ಸೆಣಸಬೇಕಾಗಿಯೂ ಇಲ್ಲ. ಗ್ರಾಹಕನ ಕೋಣೆಯ ಅಳತೆಗೆ ಹೊಲಿದುಕೊಡುವುದು, ಮೂರು ವರ್ಷದ ಬಳಿಕ ಅದೇ ಹಾಸಿಗೆಯನ್ನು ಹಿಂಜಿ ಹೊಸದು ಮಾಡಿಕೊಡುವುದು ದೊಡ್ಡ ಮಳಿಗೆಗೆ ಸುಲಭಸಾಧ್ಯವಲ್ಲ. ಅರಳೆಯ ಹೆಸರನ್ನೇ ಹೊತ್ತ ಪೇಟೆಗೆ ಅದು ಸಾಧ್ಯ. ಕಸುಬುದಾರರು ಇನ್ನೂ ನಮ್ಮ ನಡುವೆ ಇರುವಾಗಲೇ ವರ್ತಕ ಬಾಂಧವರು ಈ ದಿಕ್ಕಿನಲ್ಲಿ ಹೆಜ್ಜೆಯಿಡುವುದು ಸೂಕ್ತ.