ಮೂರ್ಛೆರೋಗದ ಮಾತ್ರೆಯೂ ಕಸಿಯಾದ ಮೂತ್ರಪಿಂಡವೂ

ಮಹಾನಗರಗಳಲ್ಲಿ ವೈದ್ಯಕೀಯ ಸೌಲಭ್ಯಗಳು ಹೆಚ್ಚಿದಂತೆಲ್ಲ ಒಬ್ಬನೇ ರೋಗಿಯು ಇಬ್ಬರು ಮೂವರು ತಜ್ಞರ ಚಿಕಿತ್ಸೆಯಲ್ಲಿರುವುದು ಸಾಮಾನ್ಯವಾಗಿದೆ. ಪ್ರತಿಯೊಬ್ಬರೂ ತಮ್ಮ ವಿಷಯದಲ್ಲಿ ನಿಪುಣರೇ. ಅವರು ಬರೆದುಕೊಡುವ ಔಷಧಿಯೂ ಯೋಗ್ಯವಾದುದೇ. ಆದರೆ ಬೇರೆ ಬೇರೆ ಚೀಟಿಗಳಲ್ಲಿ ಬರೆದ ಔಷಧಿಗಳು ಕೊನೆಗೆ ಸೇರುವುದು ಒಂದೇ ದೇಹವನ್ನು. ಮೂತ್ರಪಿಂಡದ ಕಸಿಯಾದ ವ್ಯಕ್ತಿಗೆ ಮೂರ್ಛೆರೋಗವೂ ಇದ್ದರೆ ಈ ಮಾತಿನ ಮಹತ್ವ ಸ್ಪಷ್ಟವಾಗುತ್ತದೆ.

ರೋಗಾಣುಗಳಿಂದ ದೇಹವನ್ನು ಕಾಪಾಡುವ ರೋಗನಿರೋಧಕ ಶಕ್ತಿಯು ದಾನಿಯಿಂದ ಪಡೆದ ಮೂತ್ರಪಿಂಡವನ್ನೂ ಪರಕೀಯವೆಂದೇ ಬಗೆದು ತಿರಸ್ಕರಿಸಲೆತ್ನಿಸುತ್ತದೆ. ಆದುದರಿಂದ ಆ ಶಕ್ತಿಯನ್ನು ತಗ್ಗಿಸುವ ಔಷಧಿ ನಿತ್ಯವೂ ಅವಶ್ಯಕ. ಅಮೆರಿಕದಲ್ಲಿ 1983ರಲ್ಲಿ ಮಾನ್ಯತೆ ಪಡೆದ ಸೈಕ್ಲೋಸ್ಪೋರಿನ್ ಮತ್ತು 1994ರಲ್ಲಿ ಮಾನ್ಯತೆ ಪಡೆದ ಟ್ಯಾಕ್ರೋಲಿಮಸ್ ಇವುಗಳಲ್ಲಿ ಮುಖ್ಯವಾದವು. ರಕ್ತದಲ್ಲಿ ಇವುಗಳ ಪ್ರಮಾಣ ಕಡಿಮೆಯಾದರೆ ಕಸಿಯಾದ ಅಂಗಕ್ಕೆ ಅಪಾಯ. ಹೆಚ್ಚಾದರೆ ಮೂತ್ರಪಿಂಡಕ್ಕೇ ಹಾನಿ, ಕೈನಡುಕ, ಕೆಲವೊಮ್ಮೆ ಮೂರ್ಛೆಯೇ ಉಂಟಾಗಬಹುದು. ಆದ್ದರಿಂದಲೇ ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತವನ್ನು ತೆಗೆದು ಪ್ರಮಾಣವನ್ನು ಅಳೆಯುತ್ತಾರೆ.

ಈ ಔಷಧಿಗಳನ್ನು ವಿಭಜಿಸಿ ಹೊರಹಾಕುವ ಕಾರ್ಯ ಹೆಚ್ಚಾಗಿ ಯಕೃತ್ತಿನ ಕಿಣ್ವಗಳದು. 1912ರಿಂದ ಮೂರ್ಛೆರೋಗಕ್ಕೆ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್, 1938ರಿಂದ ಬಳಕೆಯಲ್ಲಿರುವ ಫೆನಿಟಾಯಿನ್, ಅನಂತರ ಬಂದ ಕಾರ್ಬಮಜೆಪಿನ್ ಇವು ಮೂರೂ ಅದೇ ಕಿಣ್ವಗಳ ಉತ್ಪತ್ತಿಯನ್ನು ಹೆಚ್ಚಿಸುತ್ತವೆ. ಒಂದು ಹೊಲದ ಕೊಯ್ಲಿಗೆಂದು ಕರೆದ ಆಳುಗಳು ಪಕ್ಕದ ಹೊಲದ ಪೈರನ್ನೂ ಕೊಯ್ದುಬಿಟ್ಟಂತೆ, ಹೆಚ್ಚಿದ ಕಿಣ್ವಗಳು ಕಸಿಯನ್ನು ಕಾಪಾಡುವ ಔಷಧಿಯನ್ನೂ ಬೇಗಬೇಗನೆ ನಾಶಮಾಡುತ್ತವೆ.

ಈ ಪರಿಣಾಮ ಒಂದೇ ದಿನದಲ್ಲಿ ತೋರುವುದಿಲ್ಲ. ಒಂದೆರಡು ವಾರಗಳಲ್ಲಿ ಮೆಲ್ಲಮೆಲ್ಲನೆ ಬೆಳೆಯುತ್ತದೆ. ರೋಗಿಯು ಹೊತ್ತಿಗೆ ಸರಿಯಾಗಿ ಎಂದಿನಷ್ಟೇ ಮಾತ್ರೆ ಸೇವಿಸುತ್ತಿರುತ್ತಾನೆ. ನೋವಾಗಲಿ ಜ್ವರವಾಗಲಿ ಇರುವುದಿಲ್ಲ. ಆದರೂ ರಕ್ತದಲ್ಲಿ ಔಷಧಿ ಕುಗ್ಗುತ್ತಿರುತ್ತದೆ. ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದಾಗಲೇ ಕಸಿಗೆ ಒದಗಿದ ಗಂಡಾಂತರ ತಿಳಿಯಬಹುದು. ಫೆನಿಟಾಯಿನ್ ನಿಲ್ಲಿಸಿದಾಗ ಇದಕ್ಕೆ ವಿರುದ್ಧವಾದ ಅಪಾಯವಿದೆ. ಕಿಣ್ವಗಳು ಕ್ರಮೇಣ ಇಳಿದು, ಹಿಂದೆ ಸರಿಯಾಗಿದ್ದ ಪ್ರಮಾಣವೇ ಅತಿಯಾಗುತ್ತದೆ. ಅಲ್ಲದೆ ಮೂರ್ಛೆಯ ಔಷಧಿಯನ್ನು ಥಟ್ಟನೆ ಬಿಟ್ಟರೆ ಬಿಡುವಿಲ್ಲದ ಸೆಳವು ಬಂದು ಪ್ರಾಣಕ್ಕೇ ಸಂಚಕಾರ ಬರಬಹುದು.

ಇದಕ್ಕೆ ಪರಿಹಾರವಿಲ್ಲದಿಲ್ಲ. ಲೆವೆಟಿರಾಸಿಟಾಮ್ ಈ ಕಿಣ್ವಗಳನ್ನು ಹೆಚ್ಚಿಸುವುದಿಲ್ಲ. ಅದರ ಬಹುಭಾಗ ಮೂತ್ರದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡದ ಶಕ್ತಿಯನ್ನು ಅರಿತು ವೈದ್ಯರು ಅದರ ಪ್ರಮಾಣವನ್ನು ನಿಗದಿಪಡಿಸುತ್ತಾರೆ. ಹಳೆಯ ಔಷಧಿಯೇ ಅನಿವಾರ್ಯವಾದರೆ ಕಸಿಯ ಔಷಧಿಯನ್ನು ಹೆಚ್ಚಿಸಿ, ಪದೇ ಪದೇ ರಕ್ತಪರೀಕ್ಷೆ ಮಾಡಿಸುತ್ತಾರೆ. ಇವು ತಜ್ಞರ ನಿರ್ಧಾರಗಳು. ರೋಗಿಯಾಗಲಿ ಮನೆಯವರಾಗಲಿ ಸ್ವತಃ ಮಾಡತಕ್ಕವಲ್ಲ.

ಮನೆಯವರು ಗಮನಿಸಬೇಕಾದ ಅಂಶಗಳು ಇವು:

1. ಎಲ್ಲ ಔಷಧಿಗಳ ಹೆಸರು, ಪ್ರಮಾಣ ಮತ್ತು ವೇಳೆಯನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟು ಪ್ರತಿಯೊಬ್ಬ ವೈದ್ಯರಿಗೂ ತೋರಿಸಬೇಕು.

2. ಮೂರ್ಛೆಯ ಔಷಧಿಯನ್ನು ಪ್ರಾರಂಭಿಸುವಾಗ, ಬದಲಿಸುವಾಗ ಅಥವಾ ನಿಲ್ಲಿಸುವಾಗ ಕಸಿಯ ವೈದ್ಯರಿಗೆ ಮೊದಲೇ ತಿಳಿಸಬೇಕು. ಕ್ಷಯರೋಗದ ರಿಫಾಂಪಿಸಿನ್ ಕೂಡ ಈ ಕಿಣ್ವಗಳನ್ನು ಬಲವಾಗಿ ಹೆಚ್ಚಿಸುತ್ತದೆಂಬುದು ನೆನಪಿರಲಿ.

3. ಅಂಗಡಿಯವರು ಬೇರೆ ಕಂಪೆನಿಯ ಮಾತ್ರೆ ಕೊಟ್ಟರೆ ವೈದ್ಯರನ್ನು ಕೇಳದೆ ಸೇವಿಸಬಾರದು.

4. ಗ್ರೇಪ್‌ಫ್ರೂಟ್ ಹಣ್ಣು ಕಿಣ್ವವನ್ನು ತಡೆದು ಕಸಿಯ ಔಷಧಿಯ ಪ್ರಮಾಣವನ್ನು ಏರಿಸುತ್ತದೆ. ಅದನ್ನು ತಿನ್ನಬಾರದು, ಅದರ ಬಳಗದ ಚಕ್ಕೋತವನ್ನೂ ವರ್ಜಿಸುವುದು ಲೇಸು.

5. ಊರಿನ ಜಾತ್ರೆಗೋ ಮದುವೆಗೋ ಹೊರಟಾಗ ಪ್ರಯಾಣ ತಡವಾದರೂ ಸಾಲುವಷ್ಟು ಮಾತ್ರೆ ಹಾಗೂ ಆ ಹಾಳೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ದಾರಿಯಲ್ಲಿ ಮೂರ್ಛೆ ಬಂದರೆ, ಅಪರಿಚಿತ ಆಸ್ಪತ್ರೆಯಲ್ಲಿ ರೋಗಿಯ ಪರವಾಗಿ ಮಾತನಾಡುವುದು ಆ ಹಾಳೆಯೊಂದೇ.

ಮೂತ್ರಪಿಂಡ ಕೊಟ್ಟವರು ಹಲವೊಮ್ಮೆ ತಾಯಿ, ಸೋದರಿ ಅಥವಾ ಪತ್ನಿ. ಆ ತ್ಯಾಗದ ಫಲ ವೈದ್ಯರಿಗೆ ಹೇಳದೆ ಉಳಿದ ಒಂದು ಮಾತಿನಿಂದ ವ್ಯರ್ಥವಾಗಬಾರದು.