ಮತ್ತೊಬ್ಬರಿಗಾಗಿ ಕಾದಿಟ್ಟ ದ್ರಾಕ್ಷಾರಸ



ಪವಿತ್ರ ಗ್ರಂಥದಲ್ಲಿ ಸಿರಾಖನು ತನ್ನ 9ನೇ ಅಧ್ಯಾಯದಲ್ಲಿ ಹಳೆಯ ಸ್ನೇಹಿತನ ಬೆಲೆಯನ್ನು ತಿಳಿಸಲು ದ್ರಾಕ್ಷಾರಸದ ಹೋಲಿಕೆಯನ್ನು ಬಳಸುತ್ತಾನೆ. ಸ್ನೇಹವೂ ದ್ರಾಕ್ಷಾರಸದಂತೆ ಮಾಗಬೇಕು, ಆಗಲೇ ಅದರ ಸವಿ ತಿಳಿಯುವುದು ಎಂಬುದು ಆ ಮಾತಿನ ಸಾರ.

ಹಾಗಾದರೆ ಎಲ್ಲ ದ್ರಾಕ್ಷಾರಸವೂ ಹಳೆಯದಾದಷ್ಟೂ ಒಳ್ಳೆಯದಾಗುತ್ತದೆಯೇ? ಖಂಡಿತ ಇಲ್ಲ. ಕ್ರಿಸ್ಮಸ್ ಹಬ್ಬಕ್ಕೆಂದು ಮನೆಯಲ್ಲಿ ಮಾಡಿದ ದ್ರಾಕ್ಷಾರಸವನ್ನು ಸರಿಯಾಗಿ ಮುಚ್ಚದೆ ಇಟ್ಟರೆ ಅದು ಹುಳಿಯಾಗುವುದನ್ನು ನಮ್ಮ ತಾಯಂದಿರು ಬಲ್ಲರು. ಲೋಕದಲ್ಲಿ ತಯಾರಾಗುವ ದ್ರಾಕ್ಷಾರಸದಲ್ಲಿ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿಯಬೇಕಾದದ್ದು. ಹಲವು ದಶಕ ಬಾಳುವ ಬಗೆಗಳು ಕಡಿಮೆ. ಅಂಥವುಗಳಲ್ಲಿ ಹೆಸರುವಾಸಿಯಾದದ್ದು ಪೋರ್ಚುಗಲ್ ದೇಶದ ‘ಪೋರ್ಟ್’. ಅದು ಹೇಗೆ ಮಾಗುತ್ತದೆ, ಅದನ್ನು ಹೇಗೆ ಕಾದಿಡುತ್ತಾರೆ, ಹೇಗೆ ಸವಿಯುತ್ತಾರೆ ಎಂದು ತಿಳಿದುಕೊಂಡರೆ, ನಮ್ಮ ಮಕ್ಕಳ ವಿಶ್ವಾಸವನ್ನು ಕಾಯುವ ವಿಷಯದಲ್ಲಿಯೂ ನಾವು ಕಲಿಯುವುದು ಬಹಳವಿದೆ.

ಹುಟ್ಟಿದ ನೆಲ

ಉತ್ತರ ಪೋರ್ಚುಗಲ್‌ನಲ್ಲಿ ಡೌರೊ ಎಂಬ ನದಿಯಿದೆ. ಅದರ ಎರಡೂ ದಡಗಳ ಕಡಿದಾದ ಗುಡ್ಡಗಳಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಪದರು ಪದರಾದ ಆ ಕಲ್ಲನ್ನು ಒಡೆದು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ ಕಟ್ಟಿ ರೈತರು ದ್ರಾಕ್ಷಿ ಬೆಳೆದರು. ಬಳ್ಳಿಯ ಬೇರು ಕಲ್ಲಿನ ಬಿರುಕುಗಳಲ್ಲಿ ಆಳಕ್ಕೆ ಇಳಿದು ನೀರನ್ನು ಹುಡುಕುತ್ತದೆ. 2001ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

18ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಬೇಡಿಕೆ ಹೆಚ್ಚಿದಾಗ ಕಲಬೆರಕೆಯೂ ಹೆಚ್ಚಿತು. ಬಣ್ಣ ಗಾಢವಾಗಿ ಕಾಣಲೆಂದು ಎಲ್ಡರ್ ಎಂಬ ಗಿಡದ ಕಪ್ಪು ಹಣ್ಣಿನ ರಸವನ್ನು ಬೆರೆಸುತ್ತಿದ್ದರು. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ 1756ರಲ್ಲಿ ಈ ಪ್ರದೇಶದ ಗಡಿಯನ್ನು ಗೊತ್ತುಮಾಡಿ, ಕಲ್ಲು ನೆಡಿಸಿ, ಎಲ್ಡರ್ ಗಿಡಗಳನ್ನು ಕೀಳಿಸಿದ. 1759ರಲ್ಲಿ ಯೇಸುಸಭೆಯ ಗುರುಗಳನ್ನು ದೇಶದಿಂದ ಹೊರಗಟ್ಟಿದವನೂ ಇವನೇ. ಆ ಕಾರ್ಯಕ್ಕಾಗಿ ಧರ್ಮಸಭೆ ಇವನನ್ನು ನೋವಿನಿಂದ ನೆನೆಯುತ್ತದೆಯಾದರೂ, ದ್ರಾಕ್ಷಿಯ ವಿಷಯದಲ್ಲಿ ಇವನು ಮಾಡಿದ ಕೆಲಸ ಉಳಿಯಿತು. ಆರಂಭದಲ್ಲಿಯೇ ಕಲಬೆರಕೆಯಾದದ್ದನ್ನು ಎಷ್ಟು ವರ್ಷ ಇಟ್ಟರೂ ಅದು ಶುದ್ಧವಾಗದು.

ತಯಾರಾಗುವ ಬಗೆ

ಕೊಯ್ದ ಹಣ್ಣನ್ನು ದೊಡ್ಡ ಕಲ್ಲಿನ ತೊಟ್ಟಿಗಳಿಗೆ ಸುರಿದು ಹಿಂದೆ ಎಲ್ಲರೂ ಕಾಲಿನಿಂದಲೇ ತುಳಿಯುತ್ತಿದ್ದರು. ಕೆಲವು ತೋಟಗಳಲ್ಲಿ ಇಂದಿಗೂ ಹೀಗೆಯೇ ಮಾಡುತ್ತಾರೆ. ರಸ ಉಕ್ಕಿ ಹುದುಗುವಾಗ ಅದರ ಸಕ್ಕರೆ ಮದ್ಯಸಾರವಾಗಿ ಮಾರ್ಪಡುತ್ತದೆ. ಸುಮಾರು ಅರ್ಧ ಸಕ್ಕರೆ ಉಳಿದಿರುವಾಗ, ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಮದ್ಯಸಾರವನ್ನು ಸೇರಿಸುತ್ತಾರೆ. ನಾಲ್ಕು ಪಾಲು ರಸಕ್ಕೆ ಸುಮಾರು ಒಂದು ಪಾಲು. ಕೂಡಲೇ ಹುದುಗುವಿಕೆ ನಿಂತು, ಸಿಹಿ ಉಳಿದುಕೊಳ್ಳುತ್ತದೆ. ಕೊನೆಗೆ ಅದರಲ್ಲಿ ಶೇಕಡಾ 19ರಿಂದ 22ರಷ್ಟು ಮದ್ಯಸಾರವಿರುತ್ತದೆ. 1678ರಲ್ಲಿ ಲಮೇಗೊ ಊರಿನ ಒಂದು ಮಠದಲ್ಲಿ ಮಠಾಧಿಪತಿಗಳು ಹೀಗೆ ಮಾಡುತ್ತಿದ್ದುದನ್ನು ಇಂಗ್ಲಿಷ್ ವ್ಯಾಪಾರಿಗಳು ಕಂಡು ಕಲಿತರೆಂಬ ಕಥೆಯೂ ಅಲ್ಲಿ ಪ್ರಚಾರದಲ್ಲಿದೆ.

ಇಲ್ಲಿ ಒಂದು ಸಂದೇಹ ಬರಬಹುದು: ಇದನ್ನು ಬಲಿಪೂಜೆಗೆ ಬಳಸುತ್ತಾರೆಯೇ? ಧರ್ಮಸಭೆಯ ಶಾಸನ ಸಂಹಿತೆಯ 924ನೇ ವಿಧಿಯಂತೆ ಪೀಠಕ್ಕೆ ಬೇಕಾದದ್ದು ದ್ರಾಕ್ಷಿ ಹಣ್ಣಿನಿಂದಾದ, ಕೆಡದ, ಸಹಜ ದ್ರಾಕ್ಷಾರಸ. ಮದ್ಯಸಾರ ಸೇರಿಸಿದ ಪೋರ್ಟ್ ಊಟದ ಮೇಜಿಗೆ ಸೇರಿದ್ದು. ಹಾಗೆಯೇ ನಮ್ಮ ದೇಶದಲ್ಲಿ ‘ಪೋರ್ಟ್’ ಎಂಬ ಹೆಸರಿನಲ್ಲಿ ತಯಾರಾದ ಅಗ್ಗದ ಸಿಹಿ ದ್ರಾಕ್ಷಾರಸಕ್ಕೂ ಡೌರೊ ಕಣಿವೆಗೂ ಹೆಸರಿನ ನಂಟು ಮಾತ್ರ.

ಮಾಗುವ ಎರಡು ದಾರಿ

ಒಂದು, ಮರದ ಪೀಪಾಯಿಯಲ್ಲಿ ಮಾಗುವುದು. ಇದನ್ನು ‘ಟಾನಿ’ ಎನ್ನುತ್ತಾರೆ. ಪೀಪಾಯಿಯೊಂದು ಸುಮಾರು 550 ಲೀಟರ್ ಹಿಡಿಯುತ್ತದೆ. ಮರದ ಮೂಲಕ ಗಾಳಿ ಸ್ವಲ್ಪ ಸ್ವಲ್ಪವೇ ತಾಗಿ, ಕಡುಕೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೂ ಆಮೇಲೆ ಜೇನಿನ ಬಣ್ಣಕ್ಕೂ ತಿರುಗುತ್ತದೆ. ಬಾದಾಮಿ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆಯ ಪರಿಮಳ ಬರುತ್ತದೆ. ಪ್ರತಿ ವರ್ಷ ನೂರಕ್ಕೆ ಸುಮಾರು ಎರಡು ಪಾಲು ಆವಿಯಾಗಿ ಹೋಗುತ್ತದೆ. ಅದಕ್ಕೆ ‘ದೇವದೂತರ ಪಾಲು’ ಎಂದು ಹೆಸರು. ಸೀಸೆಯ ಮೇಲೆ 10, 20, 30, 40 ವರ್ಷ ಎಂದು ಬರೆದಿದ್ದರೆ ಅದು ಹಲವು ವರ್ಷಗಳ ರಸವನ್ನು ಬೆರೆಸಿ ಪಡೆದ ಗುಣದ ಸೂಚನೆ. ಒಂದೇ ವರ್ಷದ ಬೆಳೆಯನ್ನು ಕನಿಷ್ಠ ಏಳು ವರ್ಷ ಪೀಪಾಯಿಯಲ್ಲಿಟ್ಟರೆ ಅದನ್ನು ‘ಕೊಲ್ಯೇಟಾ’ ಎನ್ನುತ್ತಾರೆ.

ಇನ್ನೊಂದು, ಸೀಸೆಯಲ್ಲಿ ಮಾಗುವುದು. ಇದು ‘ವಿಂಟೇಜ್’. ಬೆಳೆ ಅತ್ಯುತ್ತಮವಾಗಿದ್ದ ವರ್ಷಗಳಲ್ಲಿ ಮಾತ್ರ, ಅಂದರೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಮೂರು ಬಾರಿ, ಇದನ್ನು ಘೋಷಿಸುತ್ತಾರೆ. 1963, 1977, 1994, 2011 ಅಂಥ ಹೆಸರಾಂತ ವರ್ಷಗಳು. ಕೊಯ್ಲಾದ ಎರಡು ಮೂರು ವರ್ಷಕ್ಕೇ ಸೋಸದೆ ಸೀಸೆಗೆ ತುಂಬುತ್ತಾರೆ. ಆಗ ಅದು ಕಡುಕಪ್ಪು, ಒಗರು. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ವರ್ಷ ಕತ್ತಲಲ್ಲಿ ಮಲಗಿದ ಮೇಲೆ ಒಗರೆಲ್ಲ ಗಸಿಯಾಗಿ ತಳಕ್ಕಿಳಿದು ರಸ ಮೃದುವಾಗುತ್ತದೆ.

ಒಂದು ಗಾಳಿಗೆ ಒಡ್ಡಿಕೊಂಡು, ದಿನದಿನವೂ ತನ್ನದನ್ನು ಕಳೆದುಕೊಳ್ಳುತ್ತಾ ಮಾಗುತ್ತದೆ. ಇನ್ನೊಂದು ಮೌನದಲ್ಲಿ ಮಲಗಿ ಮಾಗುತ್ತದೆ. ಮನೆಮಂದಿಗಾಗಿ ದುಡಿದು ಸವೆಯುವ ತಾಯಿಯನ್ನೂ, ಹಾಸಿಗೆಯಲ್ಲೇ ಮಲಗಿ ಜಪಸರ ಹಿಡಿದ ಅಜ್ಜಿಯನ್ನೂ ನೆನೆಯಿರಿ. ದೇವರು ಇಬ್ಬರನ್ನೂ ಮಾಗಿಸುತ್ತಾರೆ.

ಕಾದಿಡುವವರು

ಇಂಗ್ಲೆಂಡಿನ ಅನುಕೂಲಸ್ಥ ಮನೆತನಗಳಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಮಗುವಿನ ಜ್ಞಾನಸ್ನಾನವಾದಾಗ ಜ್ಞಾನತಂದೆಯಾದವರು ಆ ವರ್ಷದ ವಿಂಟೇಜ್ ಪೋರ್ಟನ್ನು ಕೊಂಡು ನೆಲಮಾಳಿಗೆಯಲ್ಲಿ ಇಡಿಸುವರು. ಕೆಲವರು ಇಡೀ ಪೀಪಾಯಿಯಷ್ಟನ್ನೇ, ಅಂದರೆ ಸುಮಾರು 60 ಡಜನ್ ಸೀಸೆಗಳನ್ನು, ಕೊಡುತ್ತಿದ್ದರು. ಮಗುವಿಗೆ 21 ತುಂಬಿದಾಗ ಅದನ್ನು ತೆರೆಯುವರು. ಐವತ್ತು, ಅರವತ್ತು ವಯಸ್ಸಿನವರು ಹೀಗೆ ಇಡುವಾಗ, ತೆರೆಯುವ ದಿನ ತಾವು ಇರುವೆವೋ ಇಲ್ಲವೋ ಎಂಬುದು ಅವರಿಗೆ ತಿಳಿದೇ ಇತ್ತು.

ಡೌರೊ ಕಣಿವೆಯ ದೋನಾ ಆಂಟೋನಿಯಾ ಫೆರೈರಾ ಎಂಬ ವಿಧವೆಯ ಬಾಳು ಇದಕ್ಕೊಂದು ನಿದರ್ಶನ. 1811ರಲ್ಲಿ ಹುಟ್ಟಿದ ಆಕೆ 33ರಲ್ಲಿ ಗಂಡನನ್ನು ಕಳೆದುಕೊಂಡು ತೋಟಗಳ ಹೊಣೆ ಹೊತ್ತಳು. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬಂದು ಬಳ್ಳಿಗಳ ಬೇರನ್ನೇ ತಿಂದಿತು. ಸಾವಿರಾರು ಕುಟುಂಬಗಳು ತೋಟ ಬಿಟ್ಟು ಹೋದವು. ಹಾಳುಬಿದ್ದ ಆ ಕಟ್ಟೆಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಇಂಥ ಕಾಲದಲ್ಲಿ, 1877ರಲ್ಲಿ, ತನ್ನ 66ನೇ ವಯಸ್ಸಿನಲ್ಲಿ, ಆಕೆ ವಾಲೆ ಮೆಯಾವ್ ಎಂಬಲ್ಲಿ ಬೀಳುಬಿದ್ದಿದ್ದ ನೆಲವನ್ನು ಕೊಂಡು ಹೊಸ ತೋಟ ಕಟ್ಟತೊಡಗಿದಳು. 1896ರಲ್ಲಿ ತೀರಿಕೊಂಡಳು. ಆ ಬಳ್ಳಿಗಳ ರಸ ಪೂರ್ಣವಾಗಿ ಮಾಗುವುದನ್ನು ಕಾಣಲು ಆಕೆಗೆ ಆಯುಷ್ಯ ಸಾಲದು. ಆದರೂ ನೆಟ್ಟಳು. ಕಣಿವೆಯ ಜನ ಆಕೆಯನ್ನು ‘ಫೆರೈರಿನ್ಯಾ’ ಎಂದು ಮುದ್ದಿನ ಹೆಸರಿನಿಂದ ಇಂದಿಗೂ ನೆನೆಯುತ್ತಾರೆ.

ಇನ್ನು ಕಾದಿಡುವ ವಿಧಾನ. ವಿಂಟೇಜ್ ಸೀಸೆಯನ್ನು ಅಡ್ಡಲಾಗಿ ಮಲಗಿಸಬೇಕು, ಬಿರಡೆ ಒಣಗಬಾರದು. ಬೆಳಕು ಬೀಳಬಾರದು, ಅಲುಗಬಾರದು. ವರ್ಷವಿಡೀ 12ರಿಂದ 15 ಡಿಗ್ರಿ ತಂಪು ಇರಬೇಕು. ಮಂಗಳೂರಿನ ಸೆಕೆಯಲ್ಲಿ ಬೀರುವಿನೊಳಗೆ ಇಪ್ಪತ್ತು ವರ್ಷ ಇಟ್ಟರೆ ಅದು ಮಾಗುವ ಬದಲು ಕೆಡುವ ಸಂಭವವೇ ಹೆಚ್ಚು. ಹೊರದೇಶದಿಂದ ಬಂಧುಗಳು ತಂದುಕೊಟ್ಟರೆ ಟಾನಿಯೇ ವಾಸಿ. ಅದು ಪೀಪಾಯಿಯಲ್ಲಿ ಮಾಗಿಯೇ ಬಂದಿರುತ್ತದೆ, ಸೀಸೆಯಲ್ಲಿಟ್ಟರೆ ಮತ್ತೆ ಉತ್ತಮವಾಗುವುದಿಲ್ಲ. ಆದ್ದರಿಂದ ಕೂಡಿಡದೆ ಹಂಚಿಕೊಳ್ಳುವುದೇ ಸರಿ.

ಸವಿಯುವ ಕ್ರಮ

ಹಳೆಯ ವಿಂಟೇಜ್ ಸೀಸೆಯನ್ನು ತೆರೆಯುವ ಮುನ್ನ ಒಂದು ದಿನ ನೆಟ್ಟಗೆ ನಿಲ್ಲಿಸಬೇಕು. ಆಗ ಗಸಿ ತಳಕ್ಕೆ ಇಳಿಯುತ್ತದೆ. ಆಮೇಲೆ ಸೀಸೆಯ ಕತ್ತಿನ ಹಿಂದೆ ಮೇಣದಬತ್ತಿಯ ಬೆಳಕಿಟ್ಟು, ಕೈ ನಡುಗದಂತೆ ಗಾಜಿನ ಹೂಜಿಗೆ ಬಗ್ಗಿಸಬೇಕು. ಗಸಿ ಕತ್ತಿನ ಬಳಿ ಬಂದಾಗ ನಿಲ್ಲಿಸಬೇಕು. ಪ್ರವಾದಿ ಯೆಶಾಯನು 25ನೇ ಅಧ್ಯಾಯದಲ್ಲಿ ಪ್ರಭು ಸಕಲ ಜನಾಂಗಗಳಿಗೂ ಏರ್ಪಡಿಸುವ ಔತಣವನ್ನು ವರ್ಣಿಸುವಾಗ, ಗಸಿ ಸೋಸಿದ ಹಳೆಯ ದ್ರಾಕ್ಷಾರಸವನ್ನು ನೆನೆಯುತ್ತಾನೆ. ಸೀಸೆ ತೆರೆದ ವಿಂಟೇಜನ್ನು ಒಂದೆರಡು ದಿನದಲ್ಲಿ ಮುಗಿಸಬೇಕು. ಟಾನಿಗೆ ಈ ಸೋಸುವಿಕೆ ಬೇಡ. ಸ್ವಲ್ಪ ತಂಪಾಗಿ ಕೊಟ್ಟರೆ ಸಾಕು, ತೆರೆದ ಮೇಲೂ ಕೆಲವು ವಾರ ಇರುತ್ತದೆ.

ಚಿಕ್ಕ ಲೋಟಕ್ಕೆ ಅರ್ಧ ಮಾತ್ರ ಹಾಕಿ. ಬಿಳಿ ಬಟ್ಟೆಯ ಮುಂದೆ ಹಿಡಿದು ಬಣ್ಣ ನೋಡಿ, ಪರಿಮಳ ನೋಡಿ, ಒಂದು ಗುಟುಕು ಬಾಯಲ್ಲಿ ನಿಲ್ಲಿಸಿ ನುಂಗಿ. ನುಂಗಿದ ಮೇಲೂ ಸವಿ ಉಳಿದರೆ ಅದು ಚೆನ್ನಾಗಿ ಮಾಗಿದೆ ಎಂದರ್ಥ.

ಇಂಗ್ಲಿಷರ ಮೇಜಿನಲ್ಲಿ ಪೋರ್ಟಿನ ಹೂಜಿ ಎಡಕ್ಕೆ ಸಾಗುತ್ತಿರಬೇಕು. ಯಾರಾದರೂ ತಮ್ಮ ಮುಂದೆಯೇ ಇಟ್ಟುಕೊಂಡರೆ, “ನಾರ್ವಿಚ್‌ನ ಬಿಷಪರು ನಿಮಗೆ ಗೊತ್ತೇ?” ಎಂದು ಕೇಳುವುದು ವಾಡಿಕೆ. ಆಂಗ್ಲಿಕನ್ ಸಭೆಯ ಆ ವೃದ್ಧ ಬಿಷಪರು ಹೂಜಿಯನ್ನು ಪಕ್ಕದಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದರಂತೆ! ನಗೆಯ ಮಾತಾದರೂ ಅರ್ಥ ದೊಡ್ಡದು: ಕೈಗೆ ಬಂದದ್ದು ಪಕ್ಕದವರಿಗೆ ಸಾಗಬೇಕು.

ಒಂದು ಎಚ್ಚರಿಕೆ

ಪೋರ್ಟ್ ಸಿಹಿಯಾಗಿರುವುದರಿಂದ ಅದರ ಬಲ ತಿಳಿಯುವುದಿಲ್ಲ. ಸಾಮಾನ್ಯ ದ್ರಾಕ್ಷಾರಸಕ್ಕಿಂತ ಇದರಲ್ಲಿ ಮದ್ಯಸಾರ ಬಹಳ ಹೆಚ್ಚು. ಮಕ್ಕಳಿಗೂ ಬಸುರಿಯರಿಗೂ ಕೊಡಬಾರದು. ಮನೆಯಲ್ಲಿ ಕುಡಿತದಿಂದ ನೊಂದವರು ಅಥವಾ ಕುಡಿತವನ್ನು ಬಿಡಲು ಹೋರಾಡುತ್ತಿರುವವರು ಒಬ್ಬರಿದ್ದರೂ ಆ ಮನೆಗೆ ಸೀಸೆಯೇ ಬೇಡ. ಆ ಒಬ್ಬರಿಗಾಗಿ ಉಳಿದವರು ಬಿಡುವುದೇ ಅಲ್ಲಿಯ ಔತಣ. ಸಿರಾಖನು 31ನೇ ಅಧ್ಯಾಯದಲ್ಲಿ ದ್ರಾಕ್ಷಾರಸದ ಆನಂದವನ್ನೂ ಅತಿಯಾದರೆ ಬರುವ ಕೇಡನ್ನೂ ಜೊತೆಜೊತೆಗೇ ಹೇಳಿರುವುದನ್ನು ಮರೆಯಬಾರದು.

ನಾವು ಏನನ್ನು ಕಾದಿಡುತ್ತಿದ್ದೇವೆ?

ನಮ್ಮಲ್ಲಿ ನೆಲಮಾಳಿಗೆ ಇಲ್ಲ, ವಿಂಟೇಜ್ ಕೊಳ್ಳುವ ಹಣವೂ ಇಲ್ಲ. ಆದರೆ ಜ್ಞಾನತಂದೆ, ಜ್ಞಾನತಾಯಿಯರು ನಮ್ಮಲ್ಲಿ ಎಲ್ಲೆಡೆ ಇದ್ದಾರೆ. ಶಾಸನ ಸಂಹಿತೆಯ 872ನೇ ವಿಧಿಯಂತೆ ಆ ಮಗು ಕ್ರೈಸ್ತ ಬಾಳನ್ನು ಬಾಳಲು ನೆರವಾಗುವುದು ಅವರ ಹೊಣೆ. ಎಷ್ಟು ಮಂದಿ ಇದನ್ನು ನೆನೆಯುತ್ತಾರೆ? ಅಂದು ಚಿನ್ನದ ಸರ ಹಾಕಿ, ಊಟ ಮಾಡಿ, ಪಟಕ್ಕೆ ನಿಂತು ಹೊರಟವರು ಮತ್ತೆ ಕಾಣಿಸಿಕೊಳ್ಳುವುದು ಆ ಮಗುವಿನ ಮದುವೆಗೆ.

ವರ್ಷಗಳು ಉರುಳಿದ ಮಾತ್ರಕ್ಕೆ ಯಾವುದೂ ಮಾಗದು. ಶುದ್ಧವಾದ ಆರಂಭ, ಸ್ಥಿರವಾದ ಆಶ್ರಯ, ನಡುನಡುವೆ ಬಂದು ನೋಡುವ ಒಬ್ಬರು, ಈ ಮೂರೂ ಬೇಕು. ಮಗುವಿನ ಜ್ಞಾನಸ್ನಾನದ ದಿನವನ್ನು ಗುರುತುಮಾಡಿಕೊಂಡು ಪ್ರತಿ ವರ್ಷ ಒಂದು ಕಾಗದ ಬರೆಯಿರಿ. ಅದನ್ನು ತಾಯಿ ಜೋಪಾನವಾಗಿಡಲಿ. ಹದಿನೆಂಟು ತುಂಬಿದ ದಿನ ಆ ಹದಿನೆಂಟು ಕಾಗದಗಳನ್ನು ಒಟ್ಟಿಗೆ ತೆರೆಯಲಿ. ದಿನವೂ ಆ ಮಗುವಿನ ಹೆಸರು ಹೇಳಿ ಒಂದು ನಮೋ ಮರಿಯ ಜಪಿಸಿರಿ. ಇವುಗಳ ಫಲವನ್ನು ನೀವು ಕಾಣದೆ ಹೋಗಬಹುದು. ಸವಿಯುವವರು ಬೇರೆಯವರು, ಅವರಿಗಾಗಿಯೇ ನೀವು ಇಟ್ಟದ್ದು.

ಕುಟುಂಬದಲ್ಲಿ ಚಿಂತಿಸಲು

1. ನಮ್ಮ ಮಕ್ಕಳ ಜ್ಞಾನತಂದೆ, ಜ್ಞಾನತಾಯಿ ಯಾರು? ಅವರನ್ನು ಕಂಡು ಎಷ್ಟು ಕಾಲವಾಯಿತು?

2. ನಮ್ಮ ಹಿರಿಯರು ನಮಗಾಗಿ ಕಾದಿಟ್ಟು, ತಾವು ಸವಿಯದೆ ಹೋದದ್ದು ಯಾವುದು?

3. ಹಂಚಿಕೊಳ್ಳಬೇಕಾದ ಏನನ್ನು ನಾವು ನಮ್ಮ ಮುಂದೆಯೇ ಇಟ್ಟುಕೊಂಡು ಕುಳಿತಿದ್ದೇವೆ?