ಮೊದಲು ಅಳತೆ, ಆಮೇಲೆ ಬಣ್ಣ: ಪೆನ್ ಟ್ಯಾಬ್ಲೆಟ್‌ನಲ್ಲಿ ಚಿತ್ರ ಕಲಿಯುವವರಿಗೆ



ಕಾಮರ್ಸ್ ಓದುವವರಿಗೆ ಚಿತ್ರಕಲೆ ಯಾಕೆ ಬೇಕು ಎಂದು ಕೇಳುವವರು ನಮ್ಮ ತರಗತಿಯಲ್ಲೂ ಇದ್ದಾರೆ. ಅಂಗಡಿಯ ಬೋರ್ಡು, ಮದುವೆಯ ಕಾರ್ಡು, ಮಸಾಲೆ ಪ್ಯಾಕೆಟ್ಟಿನ ಲೇಬಲ್ಲು, ವಾಟ್ಸಾಪಿನಲ್ಲಿ ಬರುವ ಜಾಹೀರಾತು, ಎಲ್ಲವೂ ವ್ಯಾಪಾರದ ಭಾಗವೇ. ಅವನ್ನು ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ಈಗ ಹೆಚ್ಚಾಗಿ ಬರೆಯುವುದು ಕಂಪ್ಯೂಟರಿನಲ್ಲಿ.

ಇದು ನಮ್ಮ ಮನೆಗೆ ಬಹಳ ಹತ್ತಿರದ ವಿಷಯ. ನಮ್ಮ ಅಬ್ಬಾ ಗರಗ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಬೋರ್ಡು, ಗೋಡೆ ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಕಡಿಮೆಯಾಯಿತು. ಆದ್ದರಿಂದ ಈದಿ ಹಣ ಮತ್ತು ಉಳಿತಾಯ ಸೇರಿಸಿ ನಾನು ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ತಂದಾಗ ಅವರಿಗೆ ಅಷ್ಟೇನೂ ಖುಷಿ ಆಗಲಿಲ್ಲ. ತಮ್ಮ ಕೆಲಸ ಕಿತ್ತುಕೊಂಡ ಯಂತ್ರವೇ ಮನೆಯೊಳಗೆ ಬಂತು ಎಂದು ಅವರಿಗೆ ಅನಿಸಿರಬೇಕು. ಆದರೆ ಕಲಿಯುತ್ತಾ ಹೋದಂತೆ ನನಗೆ ತಿಳಿದದ್ದು ಬೇರೆ. ಪೇಂಟರ್ ಕೈಗೆ ಗೊತ್ತಿರುವ ವಿದ್ಯೆಯೇ ಈ ಯಂತ್ರಕ್ಕೂ ಬೇಕು. ಹೊಸದಾಗಿ ಕಲಿಯಬೇಕು ಎನ್ನುವವರಿಗಾಗಿ ಅದನ್ನು ಪಾಠದಂತೆ ಇಲ್ಲಿ ಬರೆಯುತ್ತಿದ್ದೇನೆ.

1. ಸಾಧನ ಯಾವುದು?

ಪೆನ್ ಟ್ಯಾಬ್ಲೆಟ್ ಎಂದರೆ ಪರದೆ ಇಲ್ಲದ ಒಂದು ಹಲಗೆ, ಜೊತೆಗೆ ಒಂದು ಪೆನ್ನು. ಹಲಗೆಯನ್ನು ಕಂಪ್ಯೂಟರಿಗೆ ಜೋಡಿಸಬೇಕು. ಹಲಗೆಯ ಮೇಲೆ ಬರೆದದ್ದು ಪರದೆಯ ಮೇಲೆ ಮೂಡುತ್ತದೆ. ಹಲವು ಟ್ಯಾಬ್ಲೆಟ್‌ಗಳ ಪೆನ್ನಿಗೆ ಸೆಲ್ ಬೇಕಾಗುವುದಿಲ್ಲ. ಹಲಗೆಯೊಳಗಿನ ತಂತಿಗಳು ಉಂಟುಮಾಡುವ ವಿದ್ಯುತ್ಕಾಂತೀಯ ಕ್ಷೇತ್ರದಿಂದಲೇ ಅದು ಕೆಲಸ ಮಾಡುತ್ತದೆ.

ಮೌಸ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಮೌಸನ್ನು ಎತ್ತಿ ಬೇರೆ ಕಡೆ ಇಟ್ಟರೂ ಬಾಣದ ಗುರುತು ಇದ್ದಲ್ಲೇ ಇರುತ್ತದೆ. ಟ್ಯಾಬ್ಲೆಟ್‌ನಲ್ಲಿ ಹಾಗಲ್ಲ. ಹಲಗೆಯ ಎಡ ಮೂಲೆ ಎಂದರೆ ಪರದೆಯ ಎಡ ಮೂಲೆ, ಹಲಗೆಯ ನಡುವೆ ಎಂದರೆ ಪರದೆಯ ನಡುವೆ.

ಎರಡನೆಯ ವ್ಯತ್ಯಾಸ ಒತ್ತಡ. ಪೆನ್ನನ್ನು ಮೆಲ್ಲಗೆ ಒತ್ತಿದರೆ ಗೆರೆ ತೆಳು, ಜೋರಾಗಿ ಒತ್ತಿದರೆ ದಪ್ಪ. ಮೆಹಂದಿ ಕೋನ್ ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಡಬ್ಬಿಯ ಮೇಲೆ 2048, 4096, 8192 ಎಂದು ಒತ್ತಡದ ಹಂತಗಳನ್ನು ಬರೆದಿರುತ್ತಾರೆ. ಹೊಸಬರು ಆ ಸಂಖ್ಯೆಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಚಿತ್ರ ಬರೆಯಲು ಕ್ರಿಟಾ ಎಂಬ ಉಚಿತ ತಂತ್ರಾಂಶ ಸಾಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಮೊಬೈಲಿಗೆ ಜೋಡಿಸಬಹುದಾದ ಟ್ಯಾಬ್ಲೆಟ್‌ಗಳೂ ಸಿಗುತ್ತವೆ. ಕೊಳ್ಳುವ ಮೊದಲು ನಿಮ್ಮ ಮೊಬೈಲಿಗೆ ಅದು ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಜೋಡಿಸಿ ನೋಡಿ.

2. ಬಳೆಯ ಪರೀಕ್ಷೆ

ಡ್ರೈವರ್ ಹಾಕಿದ ಕೂಡಲೇ ಚಿತ್ರ ಬರೆಯಲು ಹೋಗಬೇಡಿ. ಹಲಗೆಯ ಮೇಲೆ ಒಂದು ಬಳೆ ಇಟ್ಟು ಅದರ ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಪರದೆಯ ಮೇಲೆ ಗುಂಡಗೆ ಬಂದರೆ ಸರಿ. ಮೊಟ್ಟೆಯ ಹಾಗೆ ಬಂದರೆ ಹಲಗೆಯ ಉದ್ದ-ಅಗಲದ ಅನುಪಾತವೂ ಪರದೆಯ ಅನುಪಾತವೂ ಹೊಂದಿಲ್ಲ ಎಂದರ್ಥ. ಡ್ರೈವರಿನ ಸೆಟ್ಟಿಂಗ್‌ನಲ್ಲಿ ಅನುಪಾತ ಸರಿಪಡಿಸುವ ಆಯ್ಕೆ ಇರುತ್ತದೆ. ಇದನ್ನು ಮಾಡದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ಕೈ ತಪ್ಪು ಅಳತೆಯನ್ನೇ ಕಲಿಯುತ್ತದೆ.

ಹಲಗೆಯನ್ನು ಪರದೆಯ ಎದುರಿಗೆ ನೇರವಾಗಿ ಇಡಿ. ಹಲಗೆ ವಾರೆಯಾಗಿದ್ದರೆ ಗೆರೆಯೂ ವಾರೆಯಾಗುತ್ತದೆ.

3. ಕಣ್ಣು ಮೇಲೆ, ಕೈ ಕೆಳಗೆ

ಹೊಸಬರಿಗೆ ಎಲ್ಲಕ್ಕಿಂತ ಕಷ್ಟ ಇದೇ. ಕಾಗದದ ಮೇಲೆ ಬರೆಯುವಾಗ ಕಣ್ಣು ಕೈಯನ್ನು ನೋಡುತ್ತಿರುತ್ತದೆ. ಇಲ್ಲಿ ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ. ಆದರೆ ನಮಗೆ ಇದು ಪೂರ್ತಿ ಹೊಸದೇನಲ್ಲ. ಟ್ಯಾಲಿಯಲ್ಲಿ ಎಂಟ್ರಿ ಮಾಡುವಾಗ ಕೀಲಿಗಳನ್ನು ನೋಡದೆ ಅಂಕಿ ಒತ್ತಲು ಬೆರಳು ಕಲಿಯುತ್ತದಲ್ಲವೇ? ಇದೂ ಹಾಗೆಯೇ ಬರುತ್ತದೆ. ದಿನಾ 20 ನಿಮಿಷ ಸಾಕು, ಆದರೆ ದಿನ ತಪ್ಪಿಸಬಾರದು. ನಾನು ಮಾಡುವ ಅಭ್ಯಾಸ ಹೀಗಿದೆ:

- ದೂರ ದೂರ ಎರಡು ಚುಕ್ಕೆ ಇಟ್ಟು ಒಂದೇ ಎಳೆತದಲ್ಲಿ ಸೇರಿಸುವುದು. ನೋಡಬೇಕಾದದ್ದು ಪೆನ್ನನ್ನಲ್ಲ, ತಲುಪಬೇಕಾದ ಚುಕ್ಕೆಯನ್ನು.
- ಸಣ್ಣ, ದೊಡ್ಡ ಸುತ್ತುಗಳನ್ನು ಎರಡೂ ದಿಕ್ಕಿನಲ್ಲಿ ಹಾಕುವುದು. ಕನ್ನಡದ ಅಕ್ಷರಗಳೆಲ್ಲ ದುಂಡು, ಆದ್ದರಿಂದ ಇದು ಅಕ್ಷರಕ್ಕೂ ಅಭ್ಯಾಸ.
- ತೆಳುವಾಗಿ ಶುರುಮಾಡಿ, ನಡುವೆ ದಪ್ಪ ಮಾಡಿ, ಮತ್ತೆ ತೆಳುವಾಗಿ ಮುಗಿಸುವ ಗೆರೆಗಳು.
- ಐದು ಚೌಕ ಹಾಕಿ, ಒತ್ತಡ ಬದಲಿಸುತ್ತಾ ತಿಳಿಯಿಂದ ಕಡುವಿಗೆ ತುಂಬುವುದು.

ಇಲ್ಲಿ ಅಬ್ಬಾ ಅವರಿಂದ ಬಂದ ಪಾಠ ಒಂದಿದೆ. ಉದ್ದನೆಯ ಗೆರೆಯನ್ನು ಅವರು ಮಣಿಕಟ್ಟಿನಿಂದ ಎಳೆಯುವುದಿಲ್ಲ, ಭುಜದಿಂದ ಎಳೆಯುತ್ತಾರೆ. ಮಣಿಕಟ್ಟು ಸಣ್ಣ ತಿರುವಿಗೆ ಮಾತ್ರ. ಟ್ಯಾಬ್ಲೆಟ್ ಸಣ್ಣದಾದರೂ ಈ ನಿಯಮ ನಡೆಯುತ್ತದೆ, ಕೈಯೂ ಬೇಗ ದಣಿಯುವುದಿಲ್ಲ.

ಗೆರೆಯ ನಡುಕ ಕಡಿಮೆ ಮಾಡುವ ಸ್ಟೆಬಿಲೈಸರ್ ಎಂಬ ಸೌಲಭ್ಯ ಕ್ರಿಟಾದಲ್ಲಿದೆ. ಅಭ್ಯಾಸದ ವೇಳೆ ಅದನ್ನು ಬಳಸಬೇಡಿ, ಕೊನೆಯ ಗೆರೆಗೆ ಮಾತ್ರ ಬಳಸಿ. ಹಾಗೆಯೇ ಅಭ್ಯಾಸದಲ್ಲಿ ಅನ್‌ಡು ಒತ್ತುವ ಬದಲು ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯಿರಿ. ಗೋಡೆಯ ಮೇಲೆ ಬರೆಯುವವರಿಗೆ ಅನ್‌ಡು ಇರುವುದಿಲ್ಲ, ಅದಕ್ಕೇ ಅವರ ಕೈ ಅಷ್ಟು ಗಟ್ಟಿ.

4. ರಾಷ್ಟ್ರಧ್ವಜದ ಪಾಠ

ಮೊದಲ ಪೂರ್ಣ ಚಿತ್ರವಾಗಿ ಏನು ಬರೆಯಬೇಕು? ನಾನು ರಾಷ್ಟ್ರಧ್ವಜವನ್ನು ಆರಿಸಿಕೊಂಡೆ, ಕಾರಣ ನಮ್ಮೂರು. ಗರಗದಲ್ಲಿ 1954ರಲ್ಲಿ ಆರಂಭವಾದ ಕ್ಷೇತ್ರೀಯ ಸೇವಾ ಸಂಘ ಧ್ವಜದ ಖಾದಿಗೆ ಹೆಸರಾಗಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಧ್ವಜಗಳನ್ನು ತಯಾರಿಸುತ್ತದೆ. ಅಲ್ಲಿ ಪ್ರತಿಯೊಂದಕ್ಕೂ ಅಳತೆ ಇದೆ. ಭಾರತೀಯ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದೇ ಧ್ವಜದ ಮಾನಕ.

ಧ್ವಜದ ಉದ್ದ ಮತ್ತು ಎತ್ತರದ ಅನುಪಾತ 3:2. ಅಧಿಕೃತವಾಗಿ ಒಂಬತ್ತು ಗಾತ್ರಗಳಿವೆ. ಅವುಗಳಲ್ಲಿ ಒಂದು 2700 × 1800 ಮಿ.ಮೀ., ಅದರ ಅಶೋಕ ಚಕ್ರದ ವ್ಯಾಸ 555 ಮಿ.ಮೀ. ನಮಗೆ ಇದು ಅನುಕೂಲ. ಒಂದು ಮಿಲಿಮೀಟರಿಗೆ ಒಂದು ಪಿಕ್ಸೆಲ್ ಎಂದು ಇಟ್ಟುಕೊಳ್ಳಿ.

- 2700 × 1800 ಪಿಕ್ಸೆಲಿನ ಹೊಸ ಹಾಳೆ ತೆರೆಯಿರಿ.
- 600 ಪಿಕ್ಸೆಲ್ ಎತ್ತರದ ಮೂರು ಪಟ್ಟಿ ಮಾಡಿ: ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ಪ್ರತಿಯೊಂದನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಡಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಿದ್ದಂತೆ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುವುದಿಲ್ಲ.
- ಎಡದಿಂದ 1350, ಮೇಲಿನಿಂದ 900ನೇ ಪಿಕ್ಸೆಲ್ ಕೇಂದ್ರ. ಅಲ್ಲಿ 555 ವ್ಯಾಸದ ಕಡುನೀಲಿ ವೃತ್ತ ಹಾಕಿ.
- ಚಕ್ರಕ್ಕೆ 24 ಅರಗಳು. 360 ಡಿಗ್ರಿಯನ್ನು 24ರಿಂದ ಭಾಗಿಸಿದರೆ 15. ಒಂದು ಅರ ಬರೆದು, ನಕಲು ಮಾಡಿ 15 ಡಿಗ್ರಿ ತಿರುಗಿಸಿ, ಎರಡಾಯಿತು. ಆ ಎರಡನ್ನು ನಕಲು ಮಾಡಿ 30 ಡಿಗ್ರಿ ತಿರುಗಿಸಿದರೆ ನಾಲ್ಕು. ನಾಲ್ಕನ್ನು 60 ಡಿಗ್ರಿ ತಿರುಗಿಸಿದರೆ ಎಂಟು. ಎಂಟರ ಗುಂಪನ್ನು 120ಕ್ಕೆ ಒಮ್ಮೆ, 240ಕ್ಕೆ ಒಮ್ಮೆ ತಿರುಗಿಸಿದರೆ 24 ಪೂರ್ತಿ. ತಿರುಗಿಸುವಾಗ ಕೇಂದ್ರಬಿಂದು ಚಕ್ರದ ಕೇಂದ್ರದಲ್ಲೇ ಇರಬೇಕು.

ಶಾಲೆಯ ಗೋಡೆಯ ಮೇಲೆ ಅಬ್ಬಾ ಇದೇ ಚಕ್ರವನ್ನು ದಾರ ಮತ್ತು ಸೀಮೆಸುಣ್ಣದಿಂದ ಹಾಕುತ್ತಾರೆ. ವೃತ್ತ ಬರೆದು, ಅದೇ ತ್ರಿಜ್ಯದ ದಾರದಿಂದ ಅಂಚಿನ ಮೇಲೆ ಗುರುತು ಮಾಡುತ್ತಾ ಹೋದರೆ ಸರಿಯಾಗಿ ಆರು ಬಿಂದು ಸಿಗುತ್ತವೆ. ಅವನ್ನು ಅರ್ಧ ಮಾಡಿದರೆ 12, ಮತ್ತೆ ಅರ್ಧ ಮಾಡಿದರೆ 24. ಏಳನೆಯ ತರಗತಿಗೆ ಶಾಲೆ ಬಿಟ್ಟವರಿಗೆ ಈ ರೇಖಾಗಣಿತ ಕೈಯಲ್ಲಿದೆ. "ಪಹಲೇ ನಾಪ್, ಬಾದ್ ಮೇಂ ರಂಗ್" ಎನ್ನುತ್ತಾರೆ ಅವರು. ಮೊದಲು ಅಳತೆ, ಆಮೇಲೆ ಬಣ್ಣ.

ಇನ್ನೊಂದು ಮಾತು. ಆಗಸ್ಟ್ 15ಕ್ಕೆ ನಾವೆಲ್ಲ ಸ್ಟೇಟಸ್‌ಗೆ ಧ್ವಜದ ಚಿತ್ರ ಮಾಡುತ್ತೇವೆ. ಧ್ವಜದ ಮೇಲೆ ಯಾವ ಬರಹವೂ ಇರಕೂಡದು ಎಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ನಮ್ಮ ಹೆಸರು, ಕಾಲೇಜಿನ ಹೆಸರು ಬರೆಯಬೇಕಿದ್ದರೆ ಧ್ವಜದ ಹೊರಗೆ ಬರೆಯೋಣ.

5. ಅಕ್ಷರ

ಉರ್ದು ಬರೆಯುವವರು ಗುಂಡು ಬ್ರಷ್ ಬಿಟ್ಟು ಚಪ್ಪಟೆ ಬ್ರಷ್ ಆರಿಸಿ, ಅದರ ಕೋನ ಬದಲಾಗದಂತೆ ಇಡಿ. ನಸ್ತಾಲೀಖ್ ಬರಹದಲ್ಲಿ ದಪ್ಪ-ತೆಳು ಬರುವುದು ಒತ್ತಡದಿಂದಲ್ಲ, ಕಲಮಿನ ಓರೆ ತುದಿಯಿಂದ. ಅಲ್ಲಿಯೂ ಅಳತೆಯೇ ಮೊದಲು. ಅದೇ ಕಲಮಿನಿಂದ ಇಟ್ಟ ಚುಕ್ಕೆಗಳನ್ನು ಎಣಿಸಿ ಅಕ್ಷರದ ಎತ್ತರ ನಿರ್ಧರಿಸುತ್ತಾರೆ. ಈದ್ ಕಾರ್ಡು ಮಾಡುವವರು ಇದನ್ನು ಮಾಡಿ ನೋಡಿ.

6. ಲೆಕ್ಕ

ಕಾಮರ್ಸಿನವರು ಲೆಕ್ಕ ಕೇಳದೆ ಬಿಡುವುದಿಲ್ಲ. ಸಣ್ಣ ಟ್ಯಾಬ್ಲೆಟ್ ಸುಮಾರು 3000 ರೂಪಾಯಿಗೆ ಬರುತ್ತದೆ. ಇದು ಬಂಡವಾಳ ವೆಚ್ಚ. ಪೆನ್ನಿನ ನಿಬ್ ಸವೆಯುತ್ತದೆ, ಆಗಾಗ ಬದಲಿಸಬೇಕು. ತಂತ್ರಾಂಶಕ್ಕೆ ಖರ್ಚಿಲ್ಲ.

ಆದಾಯದ ಕಡೆ ಈವರೆಗೆ ಒಂದೇ ನಮೂದು. ಊರಿನ ಕಿರಾಣಿ ಅಂಗಡಿಯೊಂದಕ್ಕೆ ಬೋರ್ಡು ಬೇಕಿತ್ತು. ಫ್ಲೆಕ್ಸೇ ಬೇಕು, ಆದರೆ ಅಕ್ಷರ ಎಲ್ಲರ ಬೋರ್ಡಿನ ಹಾಗೆ ಇರಬಾರದು ಎಂದರು ಅಂಗಡಿಯವರು. ಅಬ್ಬಾ ಕಾಗದದ ಮೇಲೆ ಬ್ರಷ್‌ನಿಂದ ಅಕ್ಷರ ಬರೆದುಕೊಟ್ಟರು. ನಾನು ಅದರ ಫೋಟೊ ತೆಗೆದು ಕೆಳಗಿನ ಲೇಯರ್‌ನಲ್ಲಿ ಇಟ್ಟು, ಮೇಲಿನ ಲೇಯರ್‌ನಲ್ಲಿ ಪೆನ್ನಿನಿಂದ ತಿದ್ದಿದೆ. ಧಾರವಾಡದಲ್ಲಿ ಪ್ರಿಂಟ್ ಆಯಿತು. ಪ್ರಿಂಟಿನ ಖರ್ಚು ಕಳೆದು 500 ರೂಪಾಯಿ ಉಳಿಯಿತು. ಅಬ್ಬಾ 300 ಇಟ್ಟುಕೊಂಡು 200 ನನಗೆ ಕೊಟ್ಟರು. ವಿದ್ಯೆ ಅವರದು, ಶ್ರಮ ನನ್ನದು ಎಂದು ನೋಡಿದರೆ ಹಂಚಿಕೆ ನ್ಯಾಯವಾಗಿಯೇ ಇದೆ. ಕಂಪ್ಯೂಟರಿನಲ್ಲಿ ಸಿದ್ಧ ಅಕ್ಷರಗಳು ಬೇಕಾದಷ್ಟಿವೆ, ಆದರೆ ಆ ಅಂಗಡಿಯವರು ಹಣ ಕೊಟ್ಟದ್ದು ಕೈಬರಹಕ್ಕೆ.

ನಿಮ್ಮ ಮನೆಯಲ್ಲೂ ಪೇಂಟರ್, ಬಡಿಗೇರ, ದರ್ಜಿ, ಮೆಹಂದಿ ಹಾಕುವವರು ಯಾರಾದರೂ ಇರಬಹುದು. ಟ್ಯಾಬ್ಲೆಟ್ ಕೊಳ್ಳುವ ಮೊದಲು ಒಂದು ವಾರ ಅವರ ಪಕ್ಕ ಕೂತು, ಅವರು ಗುರುತು ಹಾಕುವ ರೀತಿಯನ್ನು ಗಮನಿಸಿ. ಅರ್ಧ ಪಾಠ ಅಲ್ಲೇ ಸಿಗುತ್ತದೆ. ಧ್ವಜದ ಅಭ್ಯಾಸ ಮಾಡಿದವರು ಮರೆಯದೆ ಅರಗಳನ್ನು ಎಣಿಸಿ: 24 ಇರಬೇಕು.